ಗಾಳಿಗೆ ಹಾರದಿರಲೆಂದು ಇಟ್ಟ ಹೆಂಚು

ಕೊಟ್ಟೂರಿನಲ್ಲಿ ನನ್ನದೊಂದು ಪಾತ್ರೆ ಅಂಗಡಿಯಿದೆ. ಮದುವೆ ಮನೆಯವರು ಒಂದು ಕೊಳಗ ಕೊಳ್ಳಲು ಬಂದರೆ "ಇದೂ ಇರ್ಲಿ, ಬೇಕಾಗ್ತೈತಿ" ಎಂದು ಇನ್ನೊಂದನ್ನು ಕಟ್ಟಿಕೊಡುವುದು ನನ್ನ ಕಸುಬು. ಇಪ್ಪತ್ತು ವರ್ಷ ಊರಿಗೆಲ್ಲ ಹೇಳಿದ ಈ ಮಾತನ್ನು ಮನಸಾರೆ ನಂಬಿದವನು ನಾನೊಬ್ಬನೇ. ಬಸ್ ಸ್ಟ್ಯಾಂಡಿಗೆ ಹೋಗಿ ಬರುವಷ್ಟಕ್ಕೂ ನನ್ನ ಚೀಲದಲ್ಲಿ ಛತ್ರಿ, ಟಾರ್ಚು, ಎರಡು ಜ್ವರದ ಗುಳಿಗೆ ಇರುತ್ತವೆ. ಬಿಸಿಲಿದ್ದರೆ ಮಳೆ ಬಂದೀತೆಂದು ಹೆದರುತ್ತೇನೆ. ಮಳೆ ಬಂದರೆ ಅದು ನಿಲ್ಲಲಾರದೇನೋ ಎಂದು ಹೆದರುತ್ತೇನೆ.

ಇಂಥವನು ದಸರಾ ರಜೆಯಲ್ಲಿ ಹೆಂಡತಿ ಮಕ್ಕಳೊಡನೆ ಸೈಕಲ್ ಮೇಲೆ ತಂಬ್ರಹಳ್ಳಿಯಾಚೆಯ ಹಿನ್ನೀರಿಗೆ ಹೋಗಿ, ದಂಡೆಯಲ್ಲಿ ಡೇರೆ ಹಾಕಿ ಮಲಗಲು ಒಪ್ಪಿದ್ದು ಹೇಗೆಂದು ನನಗೆ ಈಗಲೂ ಸರಿಯಾಗಿ ಗೊತ್ತಿಲ್ಲ. ಎಂಟು ವರ್ಷದ ದೊಡ್ಡ ಮಗಳು ಫೋನಿನಲ್ಲಿ ಅಂಥದ್ದೊಂದು ವಿಡಿಯೋ ನೋಡಿದ್ದಳು. ನನ್ನ ಹೆಂಡತಿ ಹೈಸ್ಕೂಲಿಗೆ ದಿನಾ ಪಕ್ಕದೂರಿನಿಂದ ಸೈಕಲ್ ತುಳಿದು ಬಂದವಳು, ಕೇಳಿದ ಕೂಡಲೇ ಹೂಂ ಅಂದಳು. ನಾಲ್ಕು ವರ್ಷದ ಸಣ್ಣವಳಿಗೆ ಡೇರೆ ಎಂದರೆ ಏನೆಂದು ಗೊತ್ತಿಲ್ಲದಿದ್ದರೂ ಕುಣಿದಳು. ನಾನು ಬೇಡ ಅನ್ನಲು ಕಾರಣಗಳ ಪಟ್ಟಿ ಮಾಡುತ್ತಿರುವಾಗಲೇ ನನ್ನ ಅವ್ವ ಅಡಿಕೆ ಕತ್ತರಿಸುತ್ತ ಬಾಯಿ ಹಾಕಿದಳು.

"ಕೋಗಳಿ ದಾಟಂಗಿಲ್ಲ ನೋಡು ಈಕಿ. ಲಗೇಜ್ ಆಟೋದಾಗ ಸೈಕಲ್ ಹಾಕ್ಕೊಂಡು ಬರ್ತಾಳ."

ದೊಡ್ಡ ಮಗಳು ಅಜ್ಜಿಯನ್ನು ಬಿಟ್ಟು ನನ್ನ ಕಡೆ ತಿರುಗಿದಳು. "ಅಪ್ಪ, ನೀರು ಮುಟ್ಟೋತನ ನಾನ ತುಳಿತೀನಿ. ಯಾರ ಗಾಡಿಗೂ ನನ್ ಸೈಕಲ್ ಏರ್ಸಂಗಿಲ್ಲ. ಆಣಿ ಮಾಡು."

ಅವಳ ಸೈಕಲ್ಲಿನ ಸೀಟಿನ ಮೇಲೆ ಕೈಯಿಟ್ಟು ಆಣೆ ಮಾಡಿದೆ. ಅದು ಗೇರಿಲ್ಲದ, ಮುಂದೆ ಬುಟ್ಟಿಯಿರುವ, ನೇರಳೆ ಬಣ್ಣದ ಸೈಕಲ್ಲು.

ಹೊರಡುವ ಮುನ್ನಾದಿನ ಸೈಕಲ್ ಅಂಗಡಿಯ ಸಾಬರ ಬಳಿ ಹೋಗಿ ನನ್ನ ಸೈಕಲ್ಲಿನ ಕ್ಯಾರಿಯರ್ ಮೇಲೆ ಸಣ್ಣವಳಿಗೊಂದು ಬೆತ್ತದ ಕುರ್ಚಿ ಕಟ್ಟಿಸಿದೆ, ಹಿಂದಕ್ಕೆ ಮುಖ ಮಾಡಿ. ಎದುರು ಗಾಳಿ ಬಾಯಿಗೆ ಹೋಗಿ ಕೆಮ್ಮು ಹತ್ತಬಾರದಲ್ಲ. ಕುರ್ಚಿಯ ಎರಡೂ ಬದಿಗೆ ಒಂದರೊಳಗೊಂದು ಕೂರುವ ಏಳು ಸ್ಟೀಲ್ ಡಬರಿ, ನೀರಿನ ಕ್ಯಾನು, ಡೇರೆಯ ಗಂಟು ಇವಕ್ಕೆಲ್ಲ ಕೊಕ್ಕೆ ಹಾಕಿಸಿದೆ. ಸಾಬರು ಕೊಕ್ಕೆ ಬಿಗಿಯುತ್ತ ಕೇಳಿದರು: "ಸಾವ್ಕಾರ್ರ, ಸೈಕಲ್ ತುಳಿಯಾಕ ಹೊಂಟೀರೋ, ಅಂಗಡಿ ಇಡಾಕ ಹೊಂಟೀರೋ?"

"ಬೇಕಾಗ್ತೈತಿ" ಅಂದೆ.

ಆದರೆ ನನ್ನ ನಿಜವಾದ ಚಿಂತೆ ಗಾಳಿಯದು. ನಮ್ಮ ಕಡೆ ಗುಡ್ಡಗಳ ಮೇಲೆ ಸಾಲು ಸಾಲು ಗಾಳಿ ಫ್ಯಾನು ನೆಟ್ಟಿದ್ದಾರೆ. ಗಾಳಿಯಿಲ್ಲದೆ ಸುಮ್ಮನೆ ಯಾರಾದರೂ ನೆಡುತ್ತಾರೆಯೇ? ದೊಡ್ಡ ಮಗಳು ಅರ್ಧ ಚೀಲ ಭತ್ತದಷ್ಟೂ ತೂಗುವುದಿಲ್ಲ. ಲಾರಿಯೊಂದು ಪಕ್ಕದಲ್ಲಿ ಹಾದರೆ ಆ ಗಾಳಿಗೆ ಸೈಕಲ್ ಸಮೇತ ಹಾರಿ ಜೋಳದ ಹೊಲದಲ್ಲಿ ಬೀಳುವ ಚಿತ್ರ ನನ್ನ ಕಣ್ಣ ಮುಂದಿನಿಂದ ಹೋಗಲೇ ಇಲ್ಲ. ಹಡಗಿನ ತಳದಲ್ಲಿ ಭಾರ ಇಡುತ್ತಾರೆಂದು ಎಲ್ಲೋ ಓದಿದ್ದೆ. ಹಾಗಾಗಿ ಎಲ್ಲರೂ ಊಟಕ್ಕೆ ಕೂತಾಗ ಅವಳ ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿದ ಚೀಲದ ತಳಕ್ಕೆ, ಬಟ್ಟೆಗಳ ಅಡಿಗೆ, ಅಂಗಡಿಯಿಂದ ತಂದ ದಪ್ಪನೆಯ ಕಬ್ಬಿಣದ ರೊಟ್ಟಿ ಹೆಂಚು ಇಟ್ಟೆ. ಅದೊಂದೇ ಸಾಲದೇನೋ ಅನ್ನಿಸಿ ಮೇಲೊಂದು ಹಿತ್ತಾಳೆ ಕುಟ್ಟಾಣಿಯನ್ನೂ ಇಟ್ಟೆ. ಯಾರಿಗೂ ಹೇಳಲಿಲ್ಲ.

ಮೊದಲ ದಿನ ಚೆನ್ನಾಗಿಯೇ ಶುರುವಾಯಿತು. ರಸ್ತೆಯ ಅರ್ಧದಷ್ಟು ಅಗಲಕ್ಕೆ ಮೆಕ್ಕೆಜೋಳ ಒಣ ಹಾಕಿದ್ದರು. ಉಳಿದ ಅರ್ಧದಲ್ಲಿ ಮೊದಲು ಹೆಂಡತಿ, ಆಮೇಲೆ ದೊಡ್ಡವಳು, ಕೊನೆಗೆ ನಾನು. ನನ್ನ ಡಬರಿಗಳು ಪ್ರತಿ ಗುಂಡಿಗೂ ಭಜನೆ ಮಾಡುತ್ತಿದ್ದವು. ಕೋಗಳಿಗೆ ಇನ್ನೂ ದೂರವಿರುವಾಗ, ಜೋಳ ಕೆದರುತ್ತಿದ್ದ ಹೆಂಗಸೊಬ್ಬಳು ಸದ್ದು ಕೇಳಿ ಅಡ್ಡ ಬಂದು ನಿಂತಳು.

"ಏ ಪಾತ್ರಿ ಅಣ್ಣ, ನಿಂದ್ರು. ಹಳೇ ಸೀರಿಗೆ ಏನು ಕೊಡ್ತಿ?"

ಹಳೇ ಬಟ್ಟೆ ತಗೊಂಡು ಸ್ಟೀಲ್ ಪಾತ್ರೆ ಕೊಡುವವರು ಹೀಗೇ ಸೈಕಲ್ ಮೇಲೆ ಊರೂರು ಸುತ್ತುತ್ತಾರೆ. ಬೋರ್ಡು ಹಾಕಿದ ಅಂಗಡಿಯ ಮಾಲೀಕನಾದ ನನಗೆ ಸ್ವಲ್ಪ ಚುರ್ರೆಂದಿತು.

"ಮಾರಾಕ ಬಂದಿಲ್ಲವ್ವ. ಸುಮ್ನ ತಿರುಗಾಕ ಹೊಂಟೀವಿ."

ಅವಳು ನನ್ನನ್ನು, ಬೆತ್ತದ ಕುರ್ಚಿಯಲ್ಲಿ ಚಿಕ್ಕಿ ತಿನ್ನುತ್ತಿದ್ದ ಸಣ್ಣವಳನ್ನು, ಡಬರಿಗಳನ್ನು ನಿಧಾನವಾಗಿ ನೋಡಿದಳು. "ಸುಮ್ನ ತಿರುಗಾಕ ಏಳು ಡಬರಿ ಯಾಕ?"

ನಾನು ನೀರಿನ ಕ್ಯಾನಿನ ಮುಚ್ಚಳ ಬಿಗಿ ಮಾಡಿದೆ.

"ಎರಡು ಜರಿ ಸೀರಿ ಅದಾವು. ಆ ದೊಡ್ಡದು ಕೊಡು ಸಾಕು" ಎಂದು ಒಳಗಿನಿಂದ ಸೀರೆ ತಂದೇಬಿಟ್ಟಳು. ನನಗರಿವಿಲ್ಲದೆ ನನ್ನ ಬೆರಳು ಸೆರಗಿನ ಜರಿಯನ್ನು ಉಜ್ಜಿ ನೋಡುತ್ತಿದ್ದವು.

"ರೀ, ಕೈ ತೆಗೀರಿ" ಅಂದಳು ಹೆಂಡತಿ.

ದೊಡ್ಡವಳು ಈ ಹೊತ್ತಿನಲ್ಲಿ ಹುಣಸೇಮರದ ಬುಡದಲ್ಲಿ ಕೂತು ಮೀನಖಂಡ ಒತ್ತಿಕೊಳ್ಳುತ್ತಿದ್ದಳು. ನಾನದನ್ನು ಕಂಡೆ. ಕಂಡೂ ಡಬರಿಯ ಹಗ್ಗ ಬಿಗಿ ಮಾಡಿದೆ.

ಕೋಗಳಿಯಲ್ಲಿ ಹಳೇ ಬಸದಿಯಿಂದ ಸ್ವಲ್ಪ ದೂರದ ಕಣದಲ್ಲಿ, ಕಣದವರನ್ನು ಕೇಳಿ ಡೇರೆ ಹಾಕಿದೆವು. ಡೇರೆ ನಿಂತ ಮೇಲೆ ಒಂದು ಕೋಲು ಉಳಿಯಿತು. ಅದು ಎಲ್ಲಿಯದೆಂದು ನಾನು ಕತ್ತಲಾಗುವವರೆಗೆ ಹುಡುಕಿದೆ. ದೊಡ್ಡವಳ ಚೀಲದಿಂದ ಬಟ್ಟೆ ತೆಗೆದುಕೊಡುವ ಕೆಲಸವನ್ನೂ ನಾನೇ ವಹಿಸಿಕೊಂಡೆ. ಹತ್ತು ವರ್ಷದ ಸಂಸಾರದಲ್ಲಿ ಒಂದು ಟವೆಲ್ಲನ್ನೂ ಮಡಚದವನು ಮಗಳ ಫ್ರಾಕು ಕೊಡವಿ ಕೈಗೆ ಕೊಡುವುದನ್ನು ಹೆಂಡತಿ ಅನುಮಾನದಿಂದ ನೋಡಿದಳು. ಆಮೇಲೆ ಮಗಳ ಕಾಲಿಗೆ ಕೊಬ್ಬರಿ ಎಣ್ಣೆ ತಿಕ್ಕತೊಡಗಿದಳು.

"ಅವ್ವಾ, ನನ್ ಕಾಲಾಗ ಶಕ್ತಿ ಇಲ್ಲೇನು? ಓಣ್ಯಾಗ ಎಲ್ಲಾರಗಿಂತ ನಾನ ಮುಂದ ಇರ್ತೀನಿ. ಇವತ್ತು ನೀನೂ ನನ್ನ ದಾಟಿ ಹೋದಿ."

"ದೂರ ಬಂದೀವಲ್ಲ, ಅದಕ್ಕ."

"ನಾಳಿ ಮುಟ್ತೀನಲ್ಲ?"

"ಮುಟ್ತಿ."

ಹೇಳಿಬಿಡಬೇಕಿತ್ತು. ಬಾಯಿಗೂ ಬಂತು. ಅಷ್ಟರಲ್ಲಿ ಡೇರೆಯ ಬಟ್ಟೆ ಒಮ್ಮೆ ಪಟಪಟ ಅಂದಿತು. ನೋಡಿದೆಯಾ ಗಾಳಿ, ಎಂದು ನನಗೆ ನಾನೇ ಹೇಳಿಕೊಂಡು ಹೆಂಚನ್ನು ಇದ್ದಲ್ಲೇ ಬಿಟ್ಟೆ.

ಮರುದಿನ ಹಗರಿಬೊಮ್ಮನಹಳ್ಳಿಯಲ್ಲಿ ಮಂಡಕ್ಕಿ ಮಿರ್ಚಿ ತಿಂದು ತಂಬ್ರಹಳ್ಳಿ ದಾರಿ ಹಿಡಿದ ಮೇಲೆ ನಾನು ಎರಡು ದಿನದಿಂದ ಕಾಯುತ್ತಿದ್ದ ಗಾಳಿ ಬಂತು. ಪಕ್ಕದಿಂದ ಬಂದು ಯಾರನ್ನೂ ಹಾರಿಸಲಿಲ್ಲ. ನೇರ ಎದುರಿಗೆ ಬಂದು ಎದೆಗೆ ಕೈಯಿಟ್ಟು ಹಿಂದೆ ತಳ್ಳಿತು. ಇಂಥ ಗಾಳಿಯಲ್ಲಿ ಭಾರದಿಂದ ಏನು ಪ್ರಯೋಜನ ಎಂಬುದನ್ನು ನಾನು ಯೋಚಿಸಿಯೇ ಇರಲಿಲ್ಲ. ಇಲ್ಲದ ಅಪಾಯಗಳನ್ನೆಲ್ಲ ಕಲ್ಪಿಸಿಕೊಂಡವನಿಗೆ ಇದ್ದ ಒಂದೇ ಅಪಾಯ ಹೊಳೆದಿರಲಿಲ್ಲ.

ದೊಡ್ಡವಳು ನಿಂತು ತುಳಿದಳು. ಕೂತು ತುಳಿದಳು. ಸಣ್ಣ ಏರೊಂದರಲ್ಲಿ ಹಿಂದೆ ಬಿದ್ದಳು. ಹಿಂದಕ್ಕೆ ಮುಖ ಮಾಡಿ ಕೂತಿದ್ದ ಸಣ್ಣವಳು ಸುದ್ದಿ ಕೊಟ್ಟಳು: "ಅಪ್ಪ, ಅಕ್ಕ ಸಣ್ಣಾಕಿ ಆಗ್ಯಾಳ." ಸ್ವಲ್ಪ ಹೊತ್ತಿಗೆ, "ಇನ್ನಾ ಸಣ್ಣಾಕಿ ಆದ್ಳು."

ಇಳಿದು ನಿಂತೆ. ದೊಡ್ಡವಳು ಸೈಕಲ್ ತಳ್ಳಿಕೊಂಡು ಬರುತ್ತಿದ್ದಳು. ಮುಖ ಕೆಂಪಾಗಿತ್ತು. ಅಳುತ್ತಿರಲಿಲ್ಲ, ಅದೇ ನೋಡಲು ಕಷ್ಟವಾಗಿತ್ತು. ಅದೇ ವೇಳೆಗೆ ಹಗರಿಬೊಮ್ಮನಹಳ್ಳಿಯಲ್ಲಿ ಈರುಳ್ಳಿ ಇಳಿಸಿ ಬರುತ್ತಿದ್ದ ಲಗೇಜ್ ಆಟೋವೊಂದು ಹಿಂದಿನಿಂದ ಬಂತು. ನನ್ನ ಕೈ ನನ್ನನ್ನು ಕೇಳದೆ ಮೇಲೆ ಹೋಯಿತು.

ಆಟೋ ನಿಂತಿತು. ಚಾಲಕ ತಲೆ ಹೊರಗೆ ಹಾಕಿದ. "ಏನಣ್ಣ, ಪಾಪು ಸುಸ್ತಾತೇನು? ಹಾಕ್ರಿ ಸೈಕಲ್ಲು ಹಿಂದ. ತಂಬ್ರಹಳ್ಳಿಗೇ ಹೊಂಟೀನಿ, ಪೂರಾ ಖಾಲಿ ಐತಿ."

ಮಗಳು ನನ್ನ ಎತ್ತಿದ ಕೈಯನ್ನೇ ನೋಡುತ್ತಿದ್ದಳು. "ಆಣಿ ಮಾಡಿದ್ದಿ" ಅಂದಳು. ನಾನು ಕೈ ಇಳಿಸಿದೆ. ಅವಳು ಸೈಕಲ್ಲನ್ನೊಮ್ಮೆ, ಏರನ್ನೊಮ್ಮೆ ನೋಡಿ ಹ್ಯಾಂಡಲ್ ಬಿಟ್ಟಳು. "ಇರ್ಲಿ ಬಿಡು. ಹಾಕು. ನನ್ ಕಾಲು ಚಲೋ ಇಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಚಾಲಕ ಇಳಿದು ಬಂದು ಸೈಕಲ್ಲಿನ ಕ್ಯಾರಿಯರಿಗೆ ಕೈ ಹಾಕಲು ಬಗ್ಗಿದ.

"ತಡಿಯಪ್ಪ" ಅಂದೆ. "ಕಾಲು ಅಲ್ಲ. ಹೆಂಚು."

ಯಾರಿಗೂ ಅರ್ಥವಾಗಲಿಲ್ಲ. ನಾನೇ ಚೀಲ ಬಿಚ್ಚಿ, ಫ್ರಾಕುಗಳನ್ನು ಹೆಂಡತಿಯ ಕೈಗೆ ಕೊಟ್ಟು, ಮೊದಲು ಕುಟ್ಟಾಣಿಯನ್ನು, ಆಮೇಲೆ ಹೆಂಚನ್ನು ತೆಗೆದು ರಸ್ತೆಯ ಮೇಲಿಟ್ಟೆ. ಹೆಂಚು ನೆಲಕ್ಕೆ ತಾಗಿದಾಗ ಠಣ್ ಅಂದಿತು. ಹೆಂಡತಿ ಒಂದು ಕೈಯಲ್ಲಿ ಎತ್ತಲು ಹೋಗಿ, ಆಗದೆ, ಎರಡು ಕೈ ಹಚ್ಚಿ ಎತ್ತಿ ನೋಡಿ, ನನ್ನ ಕಾಲ ಬಳಿಯೇ ಧಡ್ಡನೆ ಇಳಿಸಿದಳು. ಆ ಸದ್ದು ಊರಿಗೆ ಮರಳಿದ ಮೇಲೂ ಎರಡು ದಿನ ನನ್ನ ಕಿವಿಯಲ್ಲಿತ್ತು.

"ಯಾವಾಗ ಇಟ್ಟಿ?" ಮಗಳು ಕೇಳಿದಳು.

"ಊರಾಗ."

"ನಿನ್ನೆ ಪೂರಾ ಇದು ನನ್ ಹಿಂದ ಇತ್ತೇನು?"

"ಹೂಂ."

"ಯಾಕ?"

"ಗಾಳಿಗೆ ನೀನು ಹಾರಿ ಹೋಗ್ತಿ ಅಂತ."

ಚಾಲಕ ನಗು ತಡೆಯಲಾಗದೆ ಆಟೋದ ಬಾಗಿಲು ಹಿಡಿದುಕೊಂಡ. "ಅಣ್ಣಾ, ಗಾಳಿಗೆ ಹಾರಬಾರ್ದು ಅಂತ ಗುಡಿಸಲ ಮ್ಯಾಲಿನ ತಗಡಿಗೆ ಕಲ್ಲು ಇಡೋದು ನೋಡೀನಿ. ಮಗಳಿಗೆ ಇಟ್ಟೋನ್ನ ಇವತ್ತ ನೋಡಿದ್ದು."

ಮಗಳು ನಗಲಿಲ್ಲ. ಹೆಂಚಿನ ಹಿಡಿಯನ್ನು ಕಾಲಿನಿಂದ ಒಮ್ಮೆ ತಳ್ಳಿ ನೋಡಿದಳು. ಅದು ಕದಲಲಿಲ್ಲ. ಬೆರಳು ಮಡಚಿ ಲೆಕ್ಕ ಹಾಕಿ, "ಹಂಗಾರ ನಾನು ಇಬ್ರು ಮಂದಿಯಷ್ಟು ತುಳ್ದೀನಿ" ಅಂದಳು.

"ಇಬ್ರು ಏನು, ಮೂರು ಮಂದಿ" ಅಂದ ಚಾಲಕ. ಅವಳ ಮುಖದ ಕೆಂಪು ಬೇರೆ ಬಗೆಯ ಕೆಂಪಾಯಿತು.

ಆಮೇಲೆ ಮಗಳ ಅಪ್ಪಣೆಗಳು ಬಂದವು. ಸೈಕಲ್ ಆಟೋ ಹತ್ತುವಂತಿಲ್ಲ. ಹೆಂಚು ಹತ್ತಬೇಕು. ಕುಟ್ಟಾಣಿ, ಏಳು ಡಬರಿ, ಕೋಗಳಿಯಲ್ಲಿ ಉಳಿದ ಆ ಒಂದು ಕೋಲು, ಎಲ್ಲ ಹತ್ತಬೇಕು. ಚಾಲಕ ಅವನ್ನು ತಂಬ್ರಹಳ್ಳಿಯ ತನ್ನ ಪರಿಚಯದ ಚಹಾ ಅಂಗಡಿಯಲ್ಲಿ ಇಳಿಸುತ್ತೇನೆಂದ. ನಾನು ಫೋನು ತೆಗೆದು ಮೆಲ್ಲಗೆ ಆಟೋದ ನಂಬರಿನ ಫೋಟೋ ಹೊಡೆದೆ.

"ನೋಡಿದ್ನಿ ಅಣ್ಣ" ಅಂದ ಅವನು. "ನಿಮ್ ಹೆಂಚು ತಗೊಂಡು ಎಲ್ಲೂ ಓಡಿ ಹೋಗಂಗಿಲ್ಲ. ಗಾಡಿನ ಓಡಲ್ಲ ಅದನ್ನ ಹೊತ್ಕೊಂಡು."

ಕೊನೆಯ ಅಪ್ಪಣೆ ನನಗೆ ಮಾತ್ರ. "ನೀನು ನನ್ ಹಿಂದ ಬರಬ್ಯಾಡ. ಮುಂದ ಹೋಗು. ನೀರು ಬರೋತನ ಹಿಂದ ತಿರುಗಿ ನೋಡಂಗಿಲ್ಲ. ಈ ಸಲ ಆಣಿ ಬ್ಯಾಡ, ಸುಮ್ನ ನೋಡಬ್ಯಾಡ."

ಆಣೆ ಬೇಡ ಎಂದದ್ದು ಆಣೆಗಿಂತ ಭಾರವಾಗಿತ್ತು. ಹೊರಟೆ. ತಂಬ್ರಹಳ್ಳಿ ದಾಟಿ ಹಿನ್ನೀರಿನ ಕಡೆಯ ಮಣ್ಣುದಾರಿ ಹಿಡಿಯುವವರೆಗೆ ನನ್ನ ಕುತ್ತಿಗೆ ಹತ್ತಾರು ಸಲ ತಿರುಗಲು ಹೊರಟಿತು. ಪ್ರತಿ ಸಲವೂ ಹಲ್ಲು ಕಚ್ಚಿ ಮುಂದಿನ ಚಕ್ರವನ್ನು ನೋಡಿದೆ. ಆದರೆ ಹಿಂದಕ್ಕೆ ಮುಖ ಮಾಡಿ ಕೂತವಳೊಬ್ಬಳು ನನ್ನ ಬಳಿ ಇದ್ದಳಲ್ಲ. ಅವಳನ್ನು ಕೇಳಬಾರದೆಂದು ಯಾರೂ ಹೇಳಿರಲಿಲ್ಲ.

"ಪುಟ್ಟಿ, ಅಕ್ಕ ಅದಾಳೇನು?"

"ಅದಾಳ."

"ಎಷ್ಟು ದೊಡ್ಡಾಕಿ ಕಾಣ್ತಾಳ?"

"ಬೆಕ್ಕಿನಷ್ಟು."

ಇನ್ನೊಂದು ಚಿಕ್ಕಿ ಕೊಟ್ಟೆ. ಕುರಿಯಷ್ಟಾದಳು. ಆಮೇಲೆ ಕರುವಿನಷ್ಟು. ನನ್ನ ಉಸಿರು ಒಂದು ಹದಕ್ಕೆ ಬಂದಿತ್ತು. ಜಾಲಿ ಗಿಡಗಳ ನಡುವಿನ ತಿರುವು ದಾಟಿದ ಮೇಲೆ ಮತ್ತೆ ಕೇಳಿದೆ.

"ಅಕ್ಕ ಇಲ್ಲ" ಅಂದಳು ಸಣ್ಣವಳು.

"ಇಲ್ಲ ಅಂದ್ರ?"

"ಇಲ್ಲ. ಅವ್ವ ಒಬ್ಬಾಕಿನ ಅದಾಳ."

ಜಾಲಿ ಮುಳ್ಳು, ಪಂಕ್ಚರು, ಹಾವು, ದಾರಿ ಪಕ್ಕದ ಹಾಳು ಬಾವಿ, ಎಲ್ಲ ಒಟ್ಟಿಗೆ ತಲೆಗೆ ಬಂದವು. ಕುತ್ತಿಗೆ ಅರ್ಧ ತಿರುಗಿಯೂ ಬಿಟ್ಟಿತ್ತು. ಸುಮ್ನ ನೋಡಬ್ಯಾಡ ಎಂದಿದ್ದಳು. ಆ ಅರ್ಧದಲ್ಲೇ ಕುತ್ತಿಗೆಯನ್ನು ನಿಲ್ಲಿಸಿ, ನೋವಾಗುವಷ್ಟು ಬಲವಾಗಿ ಮುಂದಕ್ಕೆ ತಿರುಗಿಸಿಕೊಂಡೆ. ಮುಂದೆ, ಗಿಡಗಳ ಒಳದಾರಿಯಿಂದ ನೇರಳೆ ಬಣ್ಣದ್ದೊಂದು ಹೊರಬಿದ್ದು ನನ್ನ ಎದುರಿಗೇ ಹಾದು ಹೋಯಿತು. ಕುರಿಗಳು ಮಾಡಿದ ಅಡ್ಡದಾರಿ ಹಿಡಿದು ನನ್ನನ್ನು ದಾಟಿದ್ದಳು. ನಿಂತು ತುಳಿಯುತ್ತಿದ್ದಳು. ಗಾಳಿ ಇನ್ನೂ ಎದುರಿಗೇ ಇತ್ತು, ಅವಳ ಎರಡು ಜಡೆಗಳೂ ಹಿಂದಕ್ಕೆ ಹಾರುತ್ತಿದ್ದವು. ಹಾರಿದ್ದು ಅಷ್ಟೇ.

ಇಳಿಜಾರು ಬಂತು. ಅದರಾಚೆ ನೀರು, ಕಣ್ಣು ಹೋದಷ್ಟೂ ದೂರ. ಅವಳು ಬ್ರೇಕ್ ಹಿಡಿಯಲಿಲ್ಲ. ಹಸಿರು ಹುಲ್ಲಿನ ದಂಡೆಯ ಮೇಲೆ ಕುಣಿಯುತ್ತ ಇಳಿದು, ಮುಂದಿನ ಚಕ್ರ ನೀರಿಗೆ ಹೋಗುವವರೆಗೂ ಬಿಟ್ಟು, ಆಮೇಲೆ ಒಂದು ಕಾಲು ಊರಿ ನಿಂತಳು.

"ಆಳ ಐತಿ, ಹುಷಾರು" ಎಂದು ಕೂಗಲು ಬಾಯಿ ತೆರೆದೆ. ನೀರು ಅವಳ ಪಾದವನ್ನೂ ಮುಚ್ಚಿರಲಿಲ್ಲ. ತೆರೆದ ಬಾಯಿಯನ್ನು ಹಾಗೇ ಮುಚ್ಚಲು ನಾಚಿಕೆಯಾಗಿ ಆಕಳಿಸಿದಂತೆ ಮಾಡಿದೆ. ಹೆಂಡತಿ ಹಿಂದಿನಿಂದ ಬಂದು ನಿಂತು, ಎರಡು ದಿನಗಳಲ್ಲಿ ಮೊದಲ ಬಾರಿ ನನ್ನ ಬೆನ್ನಿಗೊಂದು ಗುದ್ದು ಕೊಟ್ಟಳು. ಸಿಟ್ಟಿನದಲ್ಲ ಎಂದು ನಾನು ಅಂದುಕೊಂಡಿದ್ದೇನೆ.

"ಅಪ್ಪಾ," ಮಗಳು ಈಗಲೂ ತಿರುಗದೆಯೇ ಕರೆದಳು, "ಈಗ ನೋಡಬೋದು."

ನಾನು ನೋಡಿದೆ.