ಭಾವನ ಕಾರಿನ ಎಣ್ಣೆ ದೀಪ

ಮನುಷ್ಯರ ದನಿಗಿಂತ ಇಂಜಿನ್ನುಗಳ ದನಿಯನ್ನು ಅನುಕರಿಸಲು ನನಗೆ ಚೆನ್ನಾಗಿ ಬರುತ್ತದೆ. ಇಂಜಿನ್ನುಗಳು ತಿರುಗಿ ಬೈಯುವುದಿಲ್ಲವಲ್ಲ. ಒಮಾನಿನ ಸೊಹಾರಿನಲ್ಲಿ ಅಕ್ಕ-ಭಾವನ ಮನೆಯಲ್ಲಿ ನನಗೆ ಇಷ್ಟು ದಿನ ಊಟ ಸಿಕ್ಕಿದ್ದು ಈ ವಿದ್ಯೆಯಿಂದಲೇ ಎಂದು ನಾನು ಹೇಳುತ್ತೇನೆ. ಬೇರೆ ರೂಮು ಹುಡುಕಲು ನನಗೆ ಸೋಮಾರಿತನ ಎಂದು ಅಕ್ಕ ಹೇಳುತ್ತಾಳೆ. ಎರಡೂ ನಿಜವೇ.

ಭಾವನದು ಎರಡು ಬಾಗಿಲಿನ ಹಳೇ ಜಪಾನಿ ಕಾರು. ಅದನ್ನು ಮಾಡಿದ ಕಂಪನಿಯವರೇ ಈಗ ಬಂದು ನೋಡಿದರೂ ಬಾಗಿಲ ಹಿಡಿಯ ಹೊರತು ಬೇರೇನನ್ನೂ ಗುರುತಿಸಲಾರರು. ಇಂಜಿನ್ನಿನ ಬಲ ಹೆಚ್ಚಿಸಲು ಭಾವ ಹೊಸದಾಗಿ ಟರ್ಬೊ ಕೂರಿಸಿದ್ದರು. ಡ್ಯಾಶ್‌ಬೋರ್ಡಿನ ಮೇಲೆ ಎಣ್ಣೆಯ ಒತ್ತಡ ತೋರಿಸುವ ಒಂದು ಗೇಜು ಬಂದಿತ್ತು. ಹಿಂದಿನ ಸೀಟಿನಲ್ಲಿ ಕೂರಬೇಕಾದರೆ ಮೊಣಕಾಲನ್ನು ಕಿವಿಯ ಪಕ್ಕ ಇಟ್ಟುಕೊಳ್ಳಬೇಕು. ಅದು ನನ್ನ ಜಾಗ. ಅಲ್ಲಿ ಕೂತು ಹಲ್ಲಿನ ಸಂದಿಯಲ್ಲಿ ಮೆಲ್ಲಗೆ ಟಿಕ್ ಟಿಕ್ ಅಂದರೆ ಸಾಕು, ಭಾವ ಗಾಡಿ ಬದಿಗೆ ಹಾಕಿ ಬಾನೆಟ್ ಎತ್ತುತ್ತಿದ್ದರು. ನಾನು ಮರಳುಗಾಡು ನೋಡುತ್ತ ಕೂರುತ್ತಿದ್ದೆ.

ಒಂದು ಶುಕ್ರವಾರ ರುಸ್ತಾಕಿನಲ್ಲಿರುವ ಭಾವನ ಗೆಳೆಯರೊಬ್ಬರ ಮನೆಗೆ ಊಟಕ್ಕೆ ಹೊರಟಿದ್ದೆವು. ದಾರಿಯಲ್ಲಿ ಟಿಕ್ ಟಿಕ್ ಶುರುವಾಯಿತು.

"ಸಾಕು ಮಾರಾಯ, ಅದು ಹಳತಾಯ್ತು," ಅಂದರು ಭಾವ, ಆಕ್ಸಿಲರೇಟರಿನಿಂದ ಕಾಲು ಎತ್ತದೆ.

ಅಕ್ಕ ಹಿಂತಿರುಗಿ ನೋಡಿದಳು. ನಾನು ಬಾಟಲಿ ಎತ್ತಿ ನೀರು ಕುಡಿಯುತ್ತಿದ್ದೆ.

"ಅವನ ಬಾಯಲ್ಲಿ ನೀರುಂಟು," ಅಂದಳು.

ಅಷ್ಟರಲ್ಲಿ ಮುಂದೆ ಎಣ್ಣೆಯ ಕೆಂಪು ದೀಪ ಹತ್ತಿ, ಮಿಣುಕಿ, ಆರಿತು. ಗಾಡಿ ನಿಲ್ಲಿಸಿ ನೋಡಿದರೆ ಎಲ್ಲವೂ ಸರಿ. ಹೊರಟು ಸ್ವಲ್ಪ ದೂರ ಹೋದರೆ ಮತ್ತೆ ಟಿಕ್ ಟಿಕ್, ಮತ್ತೆ ದೀಪ. ಊಟಕ್ಕೆ ಮುಟ್ಟುವಾಗ ಬಿರಿಯಾನಿ ತಣಿದಿತ್ತು, ಅಕ್ಕ ಬಿಸಿಯಾಗಿದ್ದಳು. ಹಿಂದಿನ ಬೇಸಿಗೆಯಲ್ಲಿ ಇದೇ ಗಾಡಿಯ ನೀರಿನ ಹೋಸ್ ಒಡೆದು ಅವಳು ಹೈವೇ ಬದಿಯಲ್ಲಿ ದುಪಟ್ಟಾ ತಲೆಗೆ ಸುತ್ತಿ ನಿಂತಿದ್ದಳು. ಅದನ್ನು ಅವಳು ಮರೆತಿರಲಿಲ್ಲ, ನಾವು ಮರೆಯಲು ಬಿಟ್ಟೂ ಇರಲಿಲ್ಲ. ಆ ನಿಲುವನ್ನು ನಾನು ಬಹಳ ಮನೆಗಳಲ್ಲಿ ಅಭಿನಯಿಸಿ ತೋರಿಸಿದ್ದೆ.

"ಮುಂದಿನ ಶುಕ್ರವಾರದೊಳಗೆ ಸರಿ ಆಗದಿದ್ರೆ ಈ ಗಾಡಿ ಖಲಾಸ್," ಅಂದಳು ಭಾವನಿಗೆ. "ಎಲ್ಲರ ಹಾಗೆ ಒಂದು ಬಿಳಿ ಗಾಡಿ ತಕ್ಕೊಳ್ಳುವ."

ಅದು ಭಾವ ಮದುವೆಗೆ ಮೊದಲೇ ಕೊಂಡ ಕಾರು. ಕಾರ್ಖಾನೆಯಲ್ಲಿ ದಿನವಿಡೀ ಬೇರೆಯವರು ಹಾಕಿದ ಪೈಪುಗಳನ್ನು ನೋಡಿಕೊಳ್ಳುವ ಕೆಲಸ ಅವರದು. ತಮ್ಮ ಕೈಯಿಂದಲೇ ಕಟ್ಟಿದ್ದು ಇದೊಂದೇ.

ಆ ವಾರ ನಮ್ಮ ಪಾರ್ಕಿಂಗು ಆಸ್ಪತ್ರೆಯಾಯಿತು. ಎಣ್ಣೆಯ ಮಟ್ಟ ನೋಡಿದೆವು, ಸರಿ ಇತ್ತು. ಇಲ್ಲಿನ ಬಿಸಿಗೆ ಎಣ್ಣೆ ತೆಳ್ಳಗಾಗಿರಬಹುದೆಂದು ದಪ್ಪದ್ದು ಹಾಕಿದೆವು, ಫಿಲ್ಟರ್ ಬದಲಿಸಿದೆವು. ಗೇಜೇ ಸುಳ್ಳು ಹೇಳುತ್ತಿದೆಯೋ ಏನೋ ಎಂದು ಇನ್ನೊಂದನ್ನು ತಂದು ಸಿಕ್ಕಿಸಿದರೆ ಎರಡೂ ಒಂದೇ ಮಾತಾಡಿದವು. ನೇರ ರಸ್ತೆಯಲ್ಲಿ ಎಷ್ಟು ಜೋರು ಬಿಟ್ಟರೂ ಮುಳ್ಳು ಎದೆಯುಬ್ಬಿಸಿ ನಿಲ್ಲುತ್ತಿತ್ತು. ಉಳಿದದ್ದು ಎಣ್ಣೆಯ ಪಂಪು. ಅದನ್ನು ನೋಡಬೇಕಾದರೆ ಇಂಜಿನ್ ಕೆಳಗಿಳಿಸಬೇಕು. ಇಳಿಸಿದರೆ ಶುಕ್ರವಾರದೊಳಗೆ ಮೇಲೇರುವುದಿಲ್ಲ.

ಈ ನಡುವೆ ಒಂದು ಸಂಜೆ ಪಕ್ಕದ ಫ್ಲ್ಯಾಟಿನ ಮಂಗಳೂರಿನ ದಂಪತಿ ಚಹಾಕ್ಕೆ ಬಂದರು. ರುಸ್ತಾಕ್ ಪ್ರಯಾಣದ ಕಥೆ ಹೇಳು ಎಂದು ಆಂಟಿ ದುಂಬಾಲು ಬಿದ್ದರು. ನನಗೆ ಒತ್ತಾಯ ಬೇಕೇ? ಶುರುಮಾಡಿದೆ. ಮೊದಲು ಎಸಿ ಕಡಿಮೆ ಮಾಡಿ ಎನ್ನುವ ಅಕ್ಕ, ಆಮೇಲೆ ಉತ್ತರದ ಬದಲು ಗಂಟಲು ಕೆರೆಯುವ ಭಾವ, ಆಮೇಲೆ ತನ್ನ ಜೋಕಿಗೆ ತಾನೇ ನಗುವ ನಾನು. ನನ್ನ ಬಾಯಲ್ಲಿ ಹೈವೇಯ ಇಂಜಿನ್ ಉದ್ದಕ್ಕೆ ಹಾಡಿತು. ಗೇರ್ ಇಳಿಯಿತು, ವೂಂ ಎಂದು ಸುತ್ತು ಬಂತು, ಟಿಕ್ ಟಿಕ್. ಮತ್ತೆ ಹಾಡು. ಮತ್ತೆ ಗೇರ್ ಇಳಿಯಿತು, ಸುತ್ತು, ಟಿಕ್ ಟಿಕ್. ಆಂಟಿ ಕಣ್ಣೊರೆಸಿಕೊಂಡು ನಗುತ್ತಿದ್ದರು.

ಭಾವ ಮಾತ್ರ ಚಹಾ ಕೆಳಗಿಟ್ಟರು. "ಆ ಸುತ್ತಿನ ಟಿಕ್ ಟಿಕ್ ನೀನು ಮಸಾಲೆಗೆ ಹಾಕಿದ್ದಾ, ನಿಜವಾಗಿ ಅಲ್ಲೇ ಬಂದದ್ದಾ?"

ನಾನು ಕೇಳಿದ್ದನ್ನು ಕೇಳಿದ ಕ್ರಮದಲ್ಲೇ ಒಪ್ಪಿಸುವವನು. ನಡುವೆ ತಪ್ಪಿದರೆ ಮೊದಲಿಂದ ಶುರುಮಾಡಬೇಕು. "ಅಲ್ಲೇ ಭಾವ," ಅಂದೆ. "ರೌಂಡ್‌ಅಬೌಟ್ ಬಂದಾಗ ಮಾತ್ರ."

ಇನ್ನೊಮ್ಮೆ ಮಾಡಿಸಿದರು. ಮತ್ತೂ ಒಮ್ಮೆ. ಮೂರನೆಯ ಸಲ ಯಾರೂ ನಗಲಿಲ್ಲ, ನನಗೆ ಅವಮಾನವಾಯಿತು.

ಮರುದಿನ ಡ್ಯೂಟಿ ಮುಗಿಸಿ ಒಂದು ಖಾಲಿ ಮೈದಾನಕ್ಕೆ ಗಾಡಿ ತಂದೆವು. ಇಲ್ಲಿ ಗಾಡಿಗಳು ರಸ್ತೆಯ ಬಲಬದಿಯಲ್ಲಿ ಓಡುತ್ತವೆ, ಹಾಗಾಗಿ ವೃತ್ತಗಳನ್ನು ಯಾವಾಗಲೂ ಎಡಕ್ಕೇ ಸುತ್ತಬೇಕು. ಮೈದಾನದಲ್ಲಿ ಭಾವ ಎಡಕ್ಕೆ ಸುತ್ತಿದರು; ಮುಳ್ಳು ಬಿತ್ತು. ಬಲಕ್ಕೆ ಸುತ್ತಿದರು, ಅಲ್ಲಾಡಲಿಲ್ಲ. ಗಾಡಿ ಆಫ್ ಮಾಡಿ ಸ್ಟಿಯರಿಂಗಿಗೆ ಹಣೆ ಕೊಟ್ಟು ಕೂತರು. ಆಮೇಲೆ ವಿಷಯ ಹೊರಬಂತು.

ಇಂಜಿನ್ನಿನ ಅಡಿಯಲ್ಲಿ ಎಣ್ಣೆ ನಿಲ್ಲುವ ಚೇಂಬರ್ ಇರುತ್ತದೆ. ಅದರೊಳಗೆ ಒಂದು ಅಡ್ಡ ತಗಡು. ಗಾಡಿ ತಿರುಗುವಾಗ ಎಣ್ಣೆಯೆಲ್ಲ ಒಂದೇ ಬದಿಗೆ ಓಡಿಹೋಗಿ, ಅದನ್ನು ಹೀರುವ ಕೊಳವೆಯ ಬಾಯಿ ಒಣಗಬಾರದೆಂದು ಆ ತಗಡು. ಟರ್ಬೊ ಹಾಕುವಾಗ, ಅದರಿಂದ ಎಣ್ಣೆ ವಾಪಸು ಬರಲು ಪೈಪು ಬೆಸೆಯಬೇಕೆಂದು ಭಾವ ಚೇಂಬರ್ ಬಿಚ್ಚಿದ್ದರು. ತಗಡು ಕಣ್ಣಿಗೆ ಬಿತ್ತು. ಕಾರ್ಖಾನೆಯಲ್ಲಿ ಹರಿವಿಗೆ ಅಡ್ಡ ಬಂದದ್ದನ್ನೆಲ್ಲ ತೆಗೆಸುವುದೇ ಕೆಲಸವಾದ ಮನುಷ್ಯ, ಇದನ್ನೂ ಕತ್ತರಿಸಿ ಬಿಸಾಡಿದ್ದರು. ಎಣ್ಣೆ ಆರಾಮವಾಗಿ ಓಡಾಡಲಿ ಎಂದು.

"ಓಡಾಡಿತಲ್ಲ ಭಾವ," ಅಂದೆ. ಅವರು ನನ್ನ ತಲೆಗೆ ಒಂದು ಕೊಟ್ಟರು.

ಇಂಜಿನ್ ಇಳಿಸದೆ ಚೇಂಬರ್ ಮಾತ್ರ ಬಿಚ್ಚಿ, ಸನಾಯ ಎಂಬ ಕೈಗಾರಿಕಾ ಪ್ರದೇಶದ ಗ್ಯಾರೇಜು ಸಾಲಿನಲ್ಲಿ ಹೊಸ ತಗಡು ಬೆಸೆಸಿ ತಂದೆವು. ಭಾವ ಅಕ್ಕನಿಗೆ ಎಲ್ಲವನ್ನೂ ತಾವೇ ಹೇಳಿದರು, ಕತ್ತರಿಸಿದ್ದು ಯಾರು ಎಂಬುದೂ ಸೇರಿ. ಅವಳು ಕೇಳಿಕೊಂಡಳು. ತೀರ್ಪು ಮಾತ್ರ ಗೇಜು ನೋಡಿಯೇ ಎಂದಳು.

ಶುಕ್ರವಾರ ಬೆಳಿಗ್ಗೆ ಮನೆ ಹತ್ತಿರದ ದೊಡ್ಡ ರೌಂಡ್‌ಅಬೌಟ್ ಖಾಲಿಯಿತ್ತು. ಅಕ್ಕ ಮುಂದೆ ಕೂತು ಮುಳ್ಳಿನ ಮೇಲೆ ಕಣ್ಣು ನೆಟ್ಟಳು. ಭಾವ ಮೆಲ್ಲಗೆ ತಿರುಗಿಸಿದರು.

"ಮೋಸ ಬೇಡ," ಅಂದಳು ಅಕ್ಕ. " ಆವತ್ತಿನ ಸ್ಪೀಡಿನಲ್ಲೇ ಹೋಗಿ."

ಹೋದರು. ಟಯರು ಕಿರುಚಿತು, ನಾನು ಹಿಂದೆ ಒಂದು ಕಿಟಕಿಗೆ ಅಂಟಿಕೊಂಡೆ. ಮುಳ್ಳು ಕದಲಲಿಲ್ಲ. ಇನ್ನೊಂದು ಸುತ್ತು, ಮತ್ತೊಂದು. ಪಿಕಪ್ಪಿನಲ್ಲಿ ಒಳಬರಲು ಕಾಯುತ್ತಿದ್ದ ಒಬ್ಬ ಒಮಾನಿ ಅಜ್ಜ ನಮ್ಮ ಮೂರೂ ಮುಖಗಳನ್ನು ಸುತ್ತು ಸುತ್ತಿಗೂ ನೋಡುತ್ತಿದ್ದರು. ಭಾವನ ಕುತ್ತಿಗೆಯಲ್ಲಿ ಬೆವರಿತ್ತು, ಎಸಿ ಜೋರಾಗಿಯೇ ಇತ್ತು.

"ಬಿಳಿ ಗಾಡಿ ಬೇಡ," ಅಂದಳು ಅಕ್ಕ, ಗೇಜಿನಿಂದ ಕಣ್ಣು ತೆಗೆಯದೆ. "ಮನೆಗೆ ಹೋಗುವ, ದೋಸೆಗೆ ಹೊತ್ತಾಯ್ತು."

ಭಾವ ಗಂಟಲು ಕೆರೆದರು. ಮನೆಯ ಕಡೆಯ ದಾರಿ ಬಂತು, ಹೋಯಿತು. ಖುಷಿಯಲ್ಲಿ ಅವರಿಗೆ ಅದು ಕಾಣಿಸಲೇ ಇಲ್ಲ. ಇನ್ನೊಂದು ಸುತ್ತು ಹೋದೆವು.