ಡಾಕ್ಟರಬಾಯಿ ಹೇಳಿದ ಸತ್ಯ

ಡಾಕ್ಟರಬಾಯಿಯ ಎರಡೂ ಹೆಬ್ಬೆರಳುಗಳು ಹಿಂದಕ್ಕೆ ಬಾಗಿದ್ದವು. ಇಪ್ಪತ್ತೈದು ವರ್ಷ ಮಂದಿಯ ಮೈ ಒತ್ತಿ ಒತ್ತಿ ಗೆಣ್ಣುಗಳು ಬಾತು, ಉಗುರುಗಳು ಚಪ್ಪಟೆಯಾಗಿದ್ದವು. ಮೊದಲ ದಿನ ಅವರು ಹೆಚ್ಚೇನೂ ಕೇಳಲಿಲ್ಲ. ನನ್ನ ಎಡ ತೊಡೆಸಂದಿನ ಪಕ್ಕ ಒಂದು ಹೆಬ್ಬೆರಳಿಟ್ಟು ಒತ್ತಿದರು. ನಾನು ಮಂಚದ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಇಲ್ಲೇ ಐತಲ್ಲ ಎಂದರು. ನಾನು ತಲೆಯಾಡಿಸಿದೆ.

ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ಟ್ರ್ಯಾಕ್ಟರ್ ರಿಪೇರಿಯ ಶೆಡ್ಡೊಂದರ ಮೇಲೆ, ಪಾವಟಿಗೆ ಹತ್ತಿ ಹೋದರೆ, ಅವರ ಎರಡು ಕೋಣೆಗಳಿದ್ದವು. ಕೆಳಗಿನ ಸುತ್ತಿಗೆಯ ಸದ್ದಿನಲ್ಲಿ ಒಳಗಿನವರ ನರಳಾಟ ಕೇಳುತ್ತಿರಲಿಲ್ಲ. ತಾನು ಡಾಕ್ಟರಲ್ಲ, ಫಿಸಿಯೋಥೆರಪಿ ಕಲಿತವಳು ಎಂದು ಅವರು ಎಷ್ಟು ಹೇಳಿದರೂ ಮಂದಿ ಡಾಕ್ಟರಬಾಯಿ ಎಂದೇ ಕರೆಯುತ್ತಿದ್ದರು. ಮದುವೆಯಾಗಿರಲಿಲ್ಲ, ತಂಗಿಯ ಮನೆಯಲ್ಲಿದ್ದರು. ಅಳುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

"ಅಳೂದಿದ್ರ ಪಾವಟಿಗಿ ಮ್ಯಾಲೆ ಕುಂತು ಅತ್ತು ಬಾ. ಇಲ್ಲಿ ಕಾಲು ಎತ್ತು."

ನನಗಾಗ ಇಪ್ಪತ್ನಾಲ್ಕು. ತವರು ಘೋಣಸಗಿ, ಕೊಟ್ಟದ್ದು ಬಬಲೇಶ್ವರಕ್ಕೆ. ಮಗಳು ಹುಟ್ಟಿದ ಮೇಲೆ ಟೊಂಕದ ಎಡಭಾಗದಲ್ಲಿ ನೋವು ಶುರುವಾಯಿತು. ರೊಟ್ಟಿ ಬಡಿಯಲು ಕೂತರೆ ಏಳುವಾಗ ಕೀಲು ಸಿಕ್ಕಿಹಾಕಿಕೊಂಡಂತಾಗುತ್ತಿತ್ತು. ಕೂಸನ್ನು ಬಗಲಲ್ಲಿ ಎತ್ತಿಕೊಂಡು ಹತ್ತು ಹೆಜ್ಜೆ ನಡೆದರೆ ಕಣ್ಣು ಕತ್ತಲೆ. ಈ ವಯಸ್ಸಿನಲ್ಲಿ ಎಂಥ ಟೊಂಕನೋವು, ಕೆಲಸ ತಪ್ಪಿಸಿಕೊಳ್ಳುವ ನಾಟಕ ಎಂದು ಅತ್ತೆ ಓಣಿಗೆಲ್ಲ ಹೇಳಿದರು. ಒಮ್ಮೆ ನೆಂಟರು ಊಟಕ್ಕೆ ಬಂದಾಗ ನನ್ನ ಗಂಡ ಎದ್ದು ನಿಂತು ನನ್ನ ಹಾಗೆ ಕುಂಟಿ ತೋರಿಸಿದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಕೊನೆಗೆ ಅಪ್ಪನೇ ಬಂದು ವಿಜಯಪುರದಲ್ಲಿ ಎಲುಬಿನ ಡಾಕ್ಟರಿಗೆ ತೋರಿಸಿದ. ಅವರು ಎಕ್ಸ್‌ರೇ ತೆಗೆಸಿ, ಈಗಲೇ ಆಪರೇಶನ್ ಬೇಡ, ಮೊದಲು ವ್ಯಾಯಾಮ ಮಾಡಿ ನೋಡಲಿ ಎಂದು ಡಾಕ್ಟರಬಾಯಿಯ ಕಡೆ ಕಳಿಸಿದರು. ಬಾಯಿ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ತೊಡೆಯ ಎಲುಬಿನ ಗುಂಡು ಕೂರುವ ಬಟ್ಟಲು ನನ್ನಲ್ಲಿ ಆಳವಿಲ್ಲವಂತೆ. ಚಿಕ್ಕಂದಿನಲ್ಲಿ ಗೊತ್ತಾಗುವುದಿಲ್ಲ, ಹೆರಿಗೆ ಮತ್ತು ಭಾರದ ಕೆಲಸದ ನಂತರ ನೋವು ಹೊರಬೀಳುತ್ತದೆ ಎಂದು ತಿಳಿಸಿದರು.

"ಎಲುಬು ನನ್ನ ಕೈಯಾಗಿಲ್ಲ. ಅದರ ಸುತ್ತಿನ ಮಾಂಸ ನಿನ್ನ ಕೈಯಾಗೈತಿ. ಅದನ್ನ ಗಟ್ಟಿ ಮಾಡು. ಪೂರಾ ಹೋಗ್ತೈತಿ ಅಂತ ನಾ ಸುಳ್ಳ ಹೇಳಂಗಿಲ್ಲ."

ವಾರಕ್ಕೆರಡು ಸಲ ಬಸ್ಸು ಹಿಡಿದು ಹೋಗುತ್ತಿದ್ದೆ. ಬಲಮಗ್ಗುಲಾಗಿ ಮಲಗಿ ಎಡಗಾಲು ಎತ್ತಬೇಕು. ಅಂಗಾತ ಮಲಗಿ ಟೊಂಕ ಎತ್ತಿ ಹಿಡಿಯಬೇಕು. ಕಾಲಿಗೆ ರಬ್ಬರ್ ಪಟ್ಟಿ ಹಾಕಿಕೊಂಡು ಗೋಡೆಯುದ್ದಕ್ಕೂ ಅಡ್ಡಡ್ಡ ನಡೆಯಬೇಕು. ಎಡಗಾಲ ಮೇಲೆ ನಿಂತಾಗ ಟೊಂಕ ಒಂದು ಕಡೆ ಜಾರಿದರೆ ಬಾಯಿ ಸ್ಕೇಲಿನಿಂದ ತಟ್ಟಿ, ಮತ್ತೆ ಮೊದಲಿನಿಂದ ಎಣಿಸುತ್ತಿದ್ದರು. ಒಂದು ದಿನ ಸಾಕೆಂದು ಕೈಮುಗಿದೆ. ಅವರು ಗಡಿಯಾರ ನೋಡಿದರು, ನನ್ನನ್ನಲ್ಲ. ಮೂರನೆಯ ತಿಂಗಳಿಗೆ ಕುಂಟು ಅರ್ಧಕ್ಕರ್ಧ ಇಳಿಯಿತು.

ಆಗ ಅತ್ತೆ ಒಂದು ದಿನ ನನ್ನ ಜೊತೆ ಬಂದರು. ಇದು ನಾಟಕವೆಂದು ಡಾಕ್ಟರಬಾಯಿಯಿಂದಲೇ ಹೇಳಿಸಬೇಕೆಂದು ಬಂದಿದ್ದರು. ನಾಟಕವಲ್ಲ ಎಂದು ಬಾಯಿ ಎಕ್ಸ್‌ರೇ ತೋರಿಸಿದರು. ಹಾಗಾದರೆ ನಮ್ಮ ಮನೆಗೆ ಬಂದ ಮೇಲೆ ಆದದ್ದೋ ಎಂದು ಅತ್ತೆ ಮೆಲ್ಲಗೆ ಕೇಳಿದರು.

"ಹುಟ್ಟಿದಾಗಿಂದ ಐತ್ರಿ," ಎಂದರು ಬಾಯಿ. "ಈಕಿಗೂ ಗೊತ್ತಿರಲಿಲ್ಲ."

ಅತ್ತೆಗೆ ಮೊದಲ ಮಾತಷ್ಟೇ ಸಾಕಾಗಿತ್ತು. ಐಬು ಮುಚ್ಚಿಟ್ಟು ಹುಡುಗಿಯನ್ನು ಕೊಟ್ಟರೆಂದು ಹಿರಿಯರನ್ನು ಕೂಡಿಸಿದರು. ಡಾಕ್ಟರಬಾಯಿಯೇ ಹೇಳಿದ್ದಾರೆ ಎಂದ ಮೇಲೆ ಹಿರಿಯರು ಅಪ್ಪನ ಮಾತು ನಂಬಲಿಲ್ಲ. ಗಂಡ ತಲೆ ಎತ್ತಲಿಲ್ಲ. ನನ್ನನ್ನೂ ಮಗಳನ್ನೂ ಒಂದು ಟ್ರಂಕಿನೊಂದಿಗೆ ಘೋಣಸಗಿಗೆ ತಂದು ಬಿಟ್ಟರು. ಹೆಣ್ಣುಕೂಸು ಅವರಿಗೆ ಬೇಕಿರಲಿಲ್ಲ.

ನಾನು ಬಾಯಿಯ ಕಡೆ ಹೋಗುವುದನ್ನು ನಿಲ್ಲಿಸಿದೆ. ಮಲಗಿದರೆ ಏಳುತ್ತಿರಲಿಲ್ಲ. ನೋವು ಮೊದಲಿಗಿಂತ ಹೆಚ್ಚಾಯಿತು. ಹೆಚ್ಚಾಗಲಿ ಎಂದೇ ಬಿಟ್ಟೆ. ಬಾಯಿ ಫೋನ್ ಮಾಡಿದಾಗ ಅವ್ವ ನಡೆದದ್ದನ್ನೆಲ್ಲ ಹೇಳಿದಳು. ಮರುದಿನವೇ ಬಾಯಿ ತಿಕೋಟಾದವರೆಗೆ ಬಸ್ಸಿನಲ್ಲಿ, ಅಲ್ಲಿಂದ ಜೀಪಿನಲ್ಲಿ ನಮ್ಮ ಮನೆಗೆ ಬಂದರು. ಚಹಾ ಮುಟ್ಟಲಿಲ್ಲ. ನನ್ನ ಹಾಸಿಗೆಯ ಮುಂದೆ ನಿಂತರು.

"ನಿನ್ನ ಕೇಳದ ನಿನ್ನ ಮೈ ವಿಷಯ ಇನ್ನೊಬ್ಬರ ಮುಂದ ಹೇಳಿದೆ. ತಪ್ಪು ನಂದು, ಮಾಫ್ ಮಾಡು. ಆದ್ರ ಆರು ವಾರ ಕಾಲು ಎತ್ತದ ಬಿಟ್ಟೀಯಲ್ಲ, ಅದು ನಂದಲ್ಲ. ಮಗ್ಗಲಾಗು."

ನಿಮ್ಮಿಂದ ನನ್ನ ಸಂಸಾರ ಹೋಯಿತು ಎಂದು ಕೂಗಿದೆ. ಅವರು ಮೂಲೆಯಲ್ಲಿ ಆಡುತ್ತಿದ್ದ ಮಗಳನ್ನು ಎತ್ತಿ ತಂದು, ನನ್ನ ಪಕ್ಕ ಮಲಗಿಸಿ, ಅವಳ ಎರಡೂ ಕಾಲು ಮಡಚಿ ಅಗಲಿಸಿ ನೋಡಿದರು. ತಾಯಿಗಿದ್ದರೆ ಮಗಳಿಗೂ ಬರಬಹುದು, ಈ ಕೂಸಿನ ಎಕ್ಸ್‌ರೇ ತೆಗೆಸಬೇಕು ಎಂದರು. ಆ ಹೆದರಿಕೆಯೇ ನನ್ನನ್ನು ಹಾಸಿಗೆಯಿಂದ ಎಬ್ಬಿಸಿತು. ಮುಂದಿನ ವಾರ ಎಕ್ಸ್‌ರೇ ಬಂತು. ಮಗಳ ಕೀಲು ಸರಿಯಾಗಿತ್ತು. ಅಂದು ಬಾಯಿ ಕುರ್ಚಿ ಎಳೆದು ಕೂತು, ಒಂದು ಲೋಟ ನೀರು ಕುಡಿದು, ನನ್ನ ಕಾಲಿಗೆ ರಬ್ಬರ್ ಪಟ್ಟಿ ಹಾಕಿದರು.

ಎರಡು ವರ್ಷ ಹೋದೆ. ಈಗ ತಿಕೋಟಾದ ಬಟ್ಟೆ ಅಂಗಡಿಯೊಂದರಲ್ಲಿ ದಿನವಿಡೀ ನಿಂತು ಕೆಲಸ ಮಾಡುತ್ತೇನೆ. ಚಳಿಗಾಲದಲ್ಲಿ ನೋಯುತ್ತದೆ. ಮುಂದೊಂದು ದಿನ ಆಪರೇಶನ್ ಬೇಕಾಗಬಹುದು ಎಂದೂ ಬಾಯಿಯೇ ಹೇಳಿದ್ದರು.

ಆ ಎರಡು ವರ್ಷದಲ್ಲಿ ಒಂದು ಸಲ ಆ ಪಾವಟಿಗೆಗಳ ಮೇಲೆ ಅತ್ತೆ ಎದುರಾದರು. ಮೊಳಕಾಲು ಹಿಡಿದುಕೊಂಡು ಇಳಿಯುತ್ತಿದ್ದರು. ನಾನು ಮೇಲೆ ಹೋಗಿ ಬಾಯಿಯನ್ನು ಕೇಳಿದೆ, ಇವರನ್ನೂ ನೋಡುತ್ತೀರಾ ಎಂದು.

"ಆಕಿ ಮೊಳಕಾಲು ನಿನಗೇನ್ ಮಾಡೈತಿ?" ಎಂದರು.

ಆ ಮಾತಿಗೆ ಹದಿನೈದು ದಿನ ಅವರೊಡನೆ ಮಾತು ಬಿಟ್ಟಿದ್ದೆ. ಅವರು ನನ್ನ ಕಾಲೆತ್ತಿಸುವುದನ್ನು ಮಾತ್ರ ಬಿಡಲಿಲ್ಲ.

ಹೋದ ವರ್ಷ ಕೋಣೆಯಲ್ಲಿ ಒಬ್ಬರ ಬೆನ್ನು ಒತ್ತುತ್ತಿದ್ದಾಗಲೇ ಬಾಯಿ ಕುಸಿದರು. ಆಸ್ಪತ್ರೆ ಮುಟ್ಟಲಿಲ್ಲ. ಐದು ವರ್ಷದ ಮಗಳನ್ನು ಕರೆದುಕೊಂಡು, ಮಣ್ಣಿಗೆಂದು ಅವರ ತಂಗಿಯ ಮನೆಗೆ ಹೋದೆ. ಬೌದ್ಧರ ಪದ್ಧತಿಯಂತೆ ಬುದ್ಧವಂದನೆ ನಡೆದಿತ್ತು. ಅಂಗಳದಲ್ಲಿ ನಿಂತವರಲ್ಲಿ ಮುಕ್ಕಾಲು ಮಂದಿ ಗೋಡೆ ಹಿಡಿದವರು, ಕೋಲು ಹಿಡಿದವರು. ಅವರ ನಡುವಿನಿಂದ ಅತ್ತೆ ಬಂದರು, ನಡಿಗೆ ಸುಧಾರಿಸಿತ್ತು. ನನ್ನನ್ನು ನೋಡಲಿಲ್ಲ, ಮಗಳನ್ನು ನೋಡಿದರು. ಅವಳ ತಲೆಯ ಮೇಲೆ ಕೈಯಿಡಲು ಬಾಗಿದರು. ಮಗಳು ನನ್ನ ಸೆರಗು ಹಿಡಿದು, ಇವರು ಯಾರು ಎಂದು ಕೇಳಿದಳು.

"ಡಾಕ್ಟರಬಾಯಿ ಕಡೆ ಮೊಳಕಾಲು ತೋರ್ಸಾಕ ಬರ್ತಿದ್ರು," ಎಂದೆ.

ಅತ್ತೆಯ ಕೈ ಅಲ್ಲೇ ನಿಂತಿತು.

"ಹೌದವಾ," ಎಂದರು ಮಗಳಿಗೆ, "ಅದಕ್ಕ ಬರ್ತಿದ್ದೆ."