ಕಾಲರಿನ ಕೆಂಪು ನೂಲು

ಆ ಊರಿನ ಲಾಂಡ್ರಿಯವನಿಗೆ ಗಂಜಿಯಣ್ಣ ಎಂದು ಹೆಸರು ಬಿದ್ದದ್ದು ಬಟ್ಟೆಗೆ ಹಾಕುವ ಗಂಜಿಯಿಂದಲ್ಲ, ಅವನ ಕತ್ತಿನಿಂದ. ಆ ಕತ್ತು ಇಸ್ತ್ರಿ ಮೇಜಿನ ಮೇಲೆ ಬಗ್ಗುತ್ತಿತ್ತೇ ಹೊರತು ಮನುಷ್ಯರ ಮುಂದೆ ಬಗ್ಗಿದ್ದನ್ನು ಯಾರೂ ಕಂಡಿರಲಿಲ್ಲ. ಗಿರಾಕಿ ಎದುರು ನಿಂತು ಮಾತಾಡಿಸಿದರೂ ಅವನು ಮುಖ ನೋಡುತ್ತಿರಲಿಲ್ಲ; ತಂದ ಬಟ್ಟೆಯ ಕಾಲರು ತಿರುಗಿಸಿ, ಒಳಗಿನ ಕೆಂಪು ನೂಲಿನ ಗುರುತು ನೋಡಿ, "ಹೂಂ, ಶನಿವಾರ ಬಾ" ಎನ್ನುತ್ತಿದ್ದ. ಅಂಚೆಯವನಿಗೆ ಎರಡು ಅಡ್ಡ ಹೊಲಿಗೆ, ಬೇಕರಿಯವರಿಗೆ ಮೂರು ಚುಕ್ಕೆ, ಮರ ಕೊಯ್ಯುವ ಸಾಮಿಲ್ಲಿನ ಗುಮಾಸ್ತನಿಗೆ ಒಂದು ಗುಣಾಕಾರದ ಚಿಹ್ನೆ, ಪಕ್ಕದಲ್ಲೊಂದು ಚುಕ್ಕೆ. ಊರಿಗೆ ಊರೇ ಅವನಿಗೆ ಕಾಲರಿನಲ್ಲಿ ಪರಿಚಯ. ತನ್ನ ಮನೆಯ ಬಟ್ಟೆಗೆ ಮಾತ್ರ ಅವನು ಗುರುತು ಹಾಕುತ್ತಿರಲಿಲ್ಲ. "ನಮ್ಮದು ನಮಗೆ ಗೊತ್ತಾಗಲ್ವಾ?" ಎನ್ನುವುದು ಅವನ ವಾದ.

ಲಾಂಡ್ರಿಯವರು ಗಿರಾಕಿಗಳ ಬಟ್ಟೆ ತೊಟ್ಟು ಮದುವೆ ಮುಂಜಿಗಳಲ್ಲಿ ಮೆರೆಯುತ್ತಾರೆ ಎಂದು ಜನ ಆಡಿಕೊಳ್ಳುವುದುಂಟು. ಆಡಿಕೊಳ್ಳುವುದೆಲ್ಲ ಸುಳ್ಳೂ ಅಲ್ಲ. ಆದರೆ ಗಂಜಿಯಣ್ಣನ ಅಂಗಡಿಯ ಮಟ್ಟಿಗೆ ಆ ಮಾತು ಎತ್ತುವ ಧೈರ್ಯ ಯಾರಿಗೂ ಇರಲಿಲ್ಲ. ಒಮ್ಮೆ ಅವನ ಒಬ್ಬನೇ ಮಗ, ಮೀಸೆ ಚಿಗುರಿದ ಹುಡುಗ, ಬೇಕರಿಯವನ ಪ್ಯಾಂಟು ತೊಟ್ಟು ಗೆಳೆಯನ ಮದುವೆಗೆ ಹೊರಟಿದ್ದ. ಅಪ್ಪ ಅವನನ್ನು ನಡುಬೀದಿಯಲ್ಲಿ ತಡೆದು, ಎಲ್ಲರೆದುರು ಪ್ಯಾಂಟು ಬಿಚ್ಚಿಸಿ, ಎರಡು ಬಿಗಿದು, ಚಡ್ಡಿಯಲ್ಲೇ ಮನೆಗೆ ನಡೆಸಿಕೊಂಡು ಬಂದ. ಬೀದಿಯವರು ನಕ್ಕರು. ಬೇಕರಿಯವನಂತೂ ಹೊಟ್ಟೆ ಹಿಡಿದುಕೊಂಡು ನಕ್ಕ. ಹುಡುಗ ಅಂದಿನಿಂದ ಅಪ್ಪನ ಜೊತೆ ಬೇಕಾದ್ದಕ್ಕಿಂತ ಒಂದು ಮಾತು ಹೆಚ್ಚು ಆಡಲಿಲ್ಲ. ಊರಿನವರು ಮಾತ್ರ ಗಂಜಿಯಣ್ಣನ ಪ್ರಾಮಾಣಿಕತೆಯನ್ನು ಬಾಯ್ತುಂಬ ಹೊಗಳಿದರು, ಅವನೂ ಅದನ್ನು ನಂಬಿಕೊಂಡ.

ಮಗ ದೊಡ್ಡವನಾದ. ಇಸ್ತ್ರಿ ಪೆಟ್ಟಿಗೆ ಹಿಡಿಯಲು ಅವನಿಗೆ ಮನಸ್ಸಿರಲಿಲ್ಲ. ಸೇತುವೆಯಾಚೆಯ ಪೇಟೆಯಲ್ಲಿ ಒಂದು ಬಟ್ಟೆ ಅಂಗಡಿಗೆ ಮಾರಾಟದವನು ಬೇಕಿದ್ದಾನೆ ಎಂದು ಯಾರೋ ಹೇಳಿದ್ದೇ ತಡ, ಒಂದು ಬೆಳಿಗ್ಗೆ ಬಸ್ಸು ಹತ್ತಿ ಹೋದ. ಅಪ್ಪ ಆಗ ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದ. ಮಗ ಹೋಗಿ ಬರುತ್ತೇನೆ ಎನ್ನಲಿಲ್ಲ, ಇವನೂ ತಲೆ ಎತ್ತಲಿಲ್ಲ.

ಅಂದೇ ಸಂಜೆ ಮೇಲಿನ ಗುಡ್ಡದಲ್ಲಿ ಮಳೆ ಆಕಾಶ ಹರಿದಂತೆ ಸುರಿಯಿತು. ಊರಿನಲ್ಲಿ ಒಂದು ಹನಿ ಇಲ್ಲ. ಜನ ಅಂಗಳದಲ್ಲಿ ಕೂತು ಗುಡ್ಡದ ಮೇಲಿನ ಮಿಂಚು ನೋಡುತ್ತ ಹರಟುತ್ತಿದ್ದರು. ಮೊಣಕಾಲುದ್ದ ಹರಿಯುವ ಹಳ್ಳ ಅವರು ಎದ್ದು ನಿಲ್ಲುವಷ್ಟರಲ್ಲಿ ಬಂಡೆ, ಮರ, ದನ, ಗೋಡೆ ಎಲ್ಲವನ್ನೂ ಹೊತ್ತುಕೊಂಡು ಬೀದಿಗೆ ಬಂತು. ಸಾಮಿಲ್ಲಿನ ದಿಮ್ಮಿಗಳು ಮನೆಮನೆಗೆ ನುಗ್ಗಿ ಬಾಗಿಲು ಒಡೆದವು. ಪೇಟೆಯ ದಾರಿಯ ಹೊಳೆ ಸೇತುವೆ ಮುರಿದು ಬಿತ್ತು. ನೀರು ಬಂದಷ್ಟೇ ಬೇಗ ಇಳಿದು ಹೋಯಿತು; ಹಿಂದೆ ಬಿಟ್ಟದ್ದು ಸೊಂಟಮಟ್ಟದ ಕೆಸರು ಮತ್ತು ಅದರೊಳಗಿನ ಹೆಣಗಳು.

ಗಂಜಿಯಣ್ಣನ ಮನೆ ಸ್ವಲ್ಪ ಎತ್ತರದಲ್ಲಿತ್ತು, ಗಂಡಹೆಂಡಿರು ಉಳಿದುಕೊಂಡರು. ಅಂಗಡಿ ಹೋಯಿತು. ಮಗ ಪೇಟೆಯಲ್ಲೇ ಉಳಿದಿರಬೇಕು, ಸೇತುವೆ ಇಲ್ಲದೆ ಹೇಗೆ ಬಂದಾನು, ಫೋನು ಸತ್ತಿದೆ, ರಸ್ತೆ ಆದ ಕೂಡಲೇ ಬರುತ್ತಾನೆ ಎಂದು ಅವನು ಹೆಂಡತಿಗೆ ಹೇಳಿದ. ಅವಳು ಹೂಂ ಎಂದಳು. ಆ ನಂಬಿಕೆಯ ಮೇಲೇ ಗುದ್ದಲಿ ಹಿಡಿದು ಊರಿನ ಕೆಲಸಕ್ಕೆ ಇಳಿದ.

ಗುದ್ದಲಿಗಿಂತ ಅವನ ಕೈಗೆ ಒಗ್ಗುವ ಕೆಲಸ ಬೇಗನೇ ಸಿಕ್ಕಿತು. ಕೆಸರಿನಿಂದ ಎಳೆದ ಬಟ್ಟೆಗಳು ಶಾಲೆಯ ಅಂಗಳದಲ್ಲಿ ರಾಶಿ ಬಿದ್ದಿದ್ದವು. ಮೇಲಿನವರೊಬ್ಬರು ಹೆಲಿಕಾಪ್ಟರಿನಲ್ಲಿ ಬಂದು, ಒಂದೊಂದು ಕಂಬಳಿ ಕೊಟ್ಟು, ಫೋಟೊ ತೆಗೆಸಿಕೊಂಡು, ಬೂಟು ತೊಳೆಸಿಕೊಂಡು ಹೋಗಿದ್ದರು; ಉಡಲು ಬಟ್ಟೆ ಯಾರಿಗೂ ಇರಲಿಲ್ಲ. ಗಂಜಿಯಣ್ಣ ಒಲೆ ಹೂಡಿ, ಹಂಡೆಯಲ್ಲಿ ನೀರು ಕಾಯಿಸಿ, ಒಗೆದು, ಗುರುತು ನೋಡಿ ಅವರವರ ಬಟ್ಟೆ ಅವರವರಿಗೆ ತಲುಪಿಸಿದ. ತಮ್ಮದೇ ಸೀರೆ ಕೈಗೆ ಬಂದಾಗ ಹೆಂಗಸರು ಹೋ ಎಂದು ಅತ್ತರು. ಆ ದಿನಗಳಲ್ಲಿ ಊರಿಗೆ ಅವನಷ್ಟು ಉಪಕಾರ ಮಾಡಿದವರು ಇನ್ನೊಬ್ಬರಿಲ್ಲ ಎನ್ನುವುದು ನಿಜ.

ಆಮೇಲೆ ಪೊಲೀಸಿನವರು ಅವನನ್ನು ಶಾಲೆಯ ಒಳಗೂ ಕರೆದರು. ಒಳಗೆ ಬೆಂಚುಗಳ ಮೇಲೆ ಹೆಣಗಳಿದ್ದವು. ನೀರು, ಕಲ್ಲು, ದಿಮ್ಮಿ ಸೇರಿ ಮುಖಗಳನ್ನು ಅರೆದುಹಾಕಿದ್ದವು. ಹೆತ್ತವರೂ ಗುರುತು ಹಿಡಿಯುವ ಹಾಗಿರಲಿಲ್ಲ. ಗಂಜಿಯಣ್ಣ ಮೂಗಿಗೆ ಬಟ್ಟೆ ಕಟ್ಟಿಕೊಂಡು ಸಾಲಾಗಿ ಕಾಲರು ತಿರುಗಿಸುತ್ತ ನಡೆದ. "ಅಂಚೆಯವನು." "ಇದು ಬೇಕರಿ ಮನೇದು, ದೊಡ್ಡ ಮಗ." ಒಂದೊಂದು ಮಾತಿಗೂ ಹೊರಗೆ ಒಂದೊಂದು ಮನೆಯವರ ಗೋಳು ಏಳುತ್ತಿತ್ತು. ಅವನಿಗೆ ಸಂಕಟವಾಗುತ್ತಿತ್ತು, ಸುಳ್ಳಲ್ಲ. ಜೊತೆಗೆ ಒಂದಿಷ್ಟು ಹೆಮ್ಮೆಯೂ ಆಗುತ್ತಿತ್ತು.

ಕಿಟಕಿಯ ಪಕ್ಕದ ಬೆಂಚಿನ ಮೇಲೆ ನೀಲಿ ಗೀಟಿನ ಶರ್ಟು. ಗುಣಾಕಾರದ ಚಿಹ್ನೆ, ಪಕ್ಕದಲ್ಲೊಂದು ಚುಕ್ಕೆ.

"ಸಾಮಿಲ್ಲಿನ ಗುಮಾಸ್ತ" ಎಂದ.

ಈ ಶರ್ಟಿಗೆ ತಾನು ಇಸ್ತ್ರಿ ಹಾಕಿಟ್ಟದ್ದು ಮೊನ್ನೆ ಮೊನ್ನೆಯಲ್ಲವೇ, ಇವನು ಯಾವಾಗ ಬಂದು ಒಯ್ದ ಎಂದು ಒಂದು ಗಳಿಗೆ ಅನಿಸಿತು. ಹೆಂಡತಿ ಕೊಟ್ಟಿರಬೇಕು ಎಂದುಕೊಂಡು ಮುಂದಿನ ಬೆಂಚಿಗೆ ಹೋದ. ಕೈ ನೋಡಲಿಲ್ಲ, ಕಾಲು ನೋಡಲಿಲ್ಲ. ಗುಮಾಸ್ತನ ತಾಯಿ, ಒಬ್ಬನೇ ಮಗನ ಮುದುಕಿ, ಬಂದು ಶರ್ಟಿನ ಮೇಲೆ ಬಿದ್ದಳು. "ಇದೇ ಕಣ್ರಪ್ಪಾ, ಈ ಗುಂಡಿ ನಾನೇ ಹೊಲಿದದ್ದು" ಎಂದು ಆ ಗುಂಡಿಯನ್ನು ಬಿಡದೆ ಹಿಡಿದುಕೊಂಡಳು. ವಾಸನೆ ಹೆಚ್ಚಾಗಿತ್ತು, ಅಂದೇ ದಿಣ್ಣೆಯ ಮೇಲೆ ಮಣ್ಣು ಮಾಡಿದರು.

ಮನೆಗೆ ಬಂದು ಕೈಕಾಲು ತೊಳೆಯುತ್ತ ಗಂಜಿಯಣ್ಣ ಹೆಂಡತಿಗೆ ಸುದ್ದಿ ಹೇಳಿದ. "ಗುಮಾಸ್ತನೂ ಸಿಕ್ಕಿದ ಕಣೇ. ಪಾಪ, ಮುಖವೇ ಇರಲಿಲ್ಲ. ನಾನಿಲ್ದೆ ಇದ್ದಿದ್ರೆ ಅನಾಥ ಹೆಣ ಆಗ್ತಿದ್ದ."

"ಯಾವ ಶರ್ಟು?"

"ನೀಲಿ ಗೀಟಿಂದು."

ಅವಳು ಗೋಡೆಯ ಕೆಸರು ಕೆರೆಯುತ್ತಿದ್ದಳು. ತಿರುಗಿ ನೋಡಲಿಲ್ಲ. ಕೆರೆದ ಜಾಗವನ್ನೇ ಮತ್ತೆ ಮತ್ತೆ ಕೆರೆದಳು. ಅಂದಿನಿಂದ ಅವಳು ಊಟ ಬಿಟ್ಟಳು. ಮಗನ ಯೋಚನೆ ಎಂದು ಇವನು ಸಮಾಧಾನ ಹೇಳಿದ. ದಿನಾ ಬೆಳಿಗ್ಗೆ ಮುರಿದ ಸೇತುವೆಯ ತನಕ ಹೋಗಿ ಆಚೆ ದಡ ನೋಡಿ ಬರುತ್ತಿದ್ದ.

ತಾತ್ಕಾಲಿಕ ಹಲಗೆ ಸೇತುವೆ ಆದ ದಿನ ಮೊದಲು ದಾಟಿ ಬಂದವನು ಬಸ್ಸಿನ ಕಂಡಕ್ಟರ್. ಗಂಜಿಯಣ್ಣ ಓಡಿಹೋಗಿ ಅವನ ಕೈ ಹಿಡಿದುಕೊಂಡ.

"ನನ್ನ ಮಗ ಪೇಟೇಲಿ ಎಲ್ಲಿದಾನೆ, ಕಂಡ್ಯಾ?"

ಕಂಡಕ್ಟರ್ ಹೆಗಲಿನ ಚೀಲ ಕೆಳಗಿಳಿಸಿದ. "ಪೇಟೇಲಾ? ಅವತ್ತೇ ಸಂಜೆ ವಾಪಸ್ ಬಂದ್ನಲ್ಲಣ್ಣ. ನಾನೇ ಈ ಕಡೆ ಇಳಿಸಿ ಬಸ್ಸು ತಿರುಗಿಸ್ಕೊಂಡು ಹೋಗಿದ್ದು. ಕೆಲಸ ಸಿಕ್ತು ಅಂತ ಕುಣೀತಿದ್ದ. ಗೀಟಿನ ಶರ್ಟು ಬೇರೆ, ಏನಪ್ಪ ಮದುಮಗ ಅಂತ ನಾನೇ ರೇಗಿಸ್ದೆ."

ಗಂಜಿಯಣ್ಣ ಮನೆಗೆ ಹೇಗೆ ಬಂದನೋ ಅವನಿಗೇ ಗೊತ್ತಿಲ್ಲ. ಹೆಂಡತಿ ಹೊಸ್ತಿಲಲ್ಲಿ ಕೂತಿದ್ದಳು.

"ಅವನು ಹೋಗುವಾಗ ಏನು ಹಾಕ್ಕೊಂಡಿದ್ದ?"

"ನೀವೇ ನೋಡಿದ್ರಲ್ಲ" ಎಂದಳು. "ಕೈಯಾರೆ ಕಾಲರ್ ತಿರುಗಿಸಿ ನೋಡಿದ್ರಲ್ಲ."

"ಯಾಕೆ ಹೇಳ್ಲಿಲ್ಲ?"

"ಕೆಲಸ ಕೇಳೋಕೆ ಹರಕು ಶರ್ಟಲ್ಲಿ ಹೋಗ್ಬೇಕಿತ್ತಾ? ನಾನೇ ಗಂಟಿಂದ ತೆಗೆದು ಹಾಕಿಸ್ದೆ, ಗುಂಡಿ ನಾನೇ ಹಾಕ್ದೆ. ಅಪ್ಪನಿಗೆ ಹೇಳ್ಬೇಡಮ್ಮ, ಮತ್ತೆ ಬೀದೀಲಿ ಬಿಚ್ಚಿಸ್ತಾನೆ ಅಂದ." ಅವಳ ದನಿ ಏರಲಿಲ್ಲ. "ನೀವು ಬಂದು ಹೇಳಿದಾಗ ಮಣ್ಣು ಹಾಕಿ ಆಗಿತ್ತು. ನಾನು ಬಾಯಿ ಬಿಡೋ ತನಕ ಅವನು ಪೇಟೇಲಿ ಇರ್ತಾನೆ ಅಂತ ಸುಮ್ನಿದ್ದೆ."

ಅವನು ಎದ್ದು, ಮನೆಯಲ್ಲಿ ಕೆಸರು ತುಂಬಿ ಗುಡಾರದಲ್ಲಿದ್ದ ಗುಮಾಸ್ತನ ತಾಯಿಯ ಬಳಿಗೆ ಹೋದ. ತಪ್ಪಾಯಿತು, ಅದು ನನ್ನ ಮಗ, ನನ್ನ ಮಗನನ್ನು ನನಗೆ ಕೊಡಿ ಎಂದು ಕೂಗಿ ಹೇಳುವ ನಿರ್ಧಾರವಿತ್ತು. ಹೊರಗೆ ಸತ್ತವರ ಮನೆಯವರೆಲ್ಲ ಕೂತಿದ್ದರು. ಮುದುಕಿ ಇವನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. "ಬಾಪ್ಪಾ. ನಿನ್ನಿಂದ ನನಗೆ ಕೂತು ಅಳೋಕೆ ಒಂದು ಜಾಗ ಅಂತ ಆಯ್ತು. ನಿನ್ನ ಮಗನೂ ಸಿಗ್ಲಿ ಅಂತ ದಿನಾ ಬೇಡ್ಕೋತೀನಿ." ಅಂಚೆಯವನ ಹೆಂಡತಿ, ಬೇಕರಿಯವನು ಎಲ್ಲರೂ ತಲೆದೂಗಿದರು. ಇವರಲ್ಲಿ ಒಬ್ಬೊಬ್ಬರೂ ಅವನ ಮಾತು ನಂಬಿ ಮಣ್ಣು ಹಾಕಿ ಬಂದವರು. ಒಂದು ಗುರುತು ಸುಳ್ಳಾದರೆ ಎಲ್ಲವೂ ಸುಳ್ಳು. ದಿಣ್ಣೆಯ ಗುಂಡಿಗಳನ್ನೆಲ್ಲ ಮತ್ತೆ ಅಗೆಯಬೇಕು ಎಂದಾರು. ಮುದುಕಿ ಕೊಟ್ಟ ನೀರು ಕುಡಿದು ಎದ್ದು ಬಂದ.

ಮುಂದೆ ಒಂದು ವಾರದಲ್ಲಿ ಸಾಮಿಲ್ಲಿನ ದಿಮ್ಮಿಗಳನ್ನು ಜೆಸಿಬಿ ಎತ್ತುವಾಗ ಅಡಿಯಲ್ಲಿ ಇನ್ನೊಂದು ಹೆಣ ಸಿಕ್ಕಿತು. ಅಭ್ಯಾಸದಂತೆ ಗಂಜಿಯಣ್ಣನಿಗೆ ಕರೆ ಬಂತು. ಕೆಸರಿನಲ್ಲಿ ಶರ್ಟಿನ ಬಣ್ಣವೇ ತಿಳಿಯುತ್ತಿರಲಿಲ್ಲ. ಅವನು ಮೊಣಕಾಲೂರಿ ಕೂತು, ಎಲ್ಲರಿಗೂ ಬೆನ್ನು ಮಾಡಿ, ಕಾಲರು ತಿರುಗಿಸಿದ. ಗುಣಾಕಾರದ ಚಿಹ್ನೆ, ಪಕ್ಕದಲ್ಲೊಂದು ಚುಕ್ಕೆ. ಗುಮಾಸ್ತ ತನ್ನ ಕೆಲಸದ ಜಾಗ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ.

ಗಂಜಿಯಣ್ಣ ಉಗುರಿನಿಂದ ಆ ನೂಲನ್ನು ಕಿತ್ತು ಮುಷ್ಟಿಯಲ್ಲಿ ಹಿಡಿದ. ಒದ್ದೆ ನೂಲು, ಸುಲಭವಾಗಿ ಬಂತು.

"ಯಾರ್ದಣ್ಣ?" ಎಂದು ಪೊಲೀಸಿನವನು ಕೇಳಿದ.

"ಗುರುತಿಲ್ಲ" ಎಂದ. "ನಮ್ಮ ಮನೇದು. ನನ್ನ ಮಗ."

ಬಸ್ಸಿಳಿದು ಬರುವಾಗ ಸೇತುವೆ ಹತ್ತಿರ ನೀರಿಗೆ ಸಿಕ್ಕಿ ಇಲ್ಲಿತನಕ ಕೊಚ್ಚಿ ಬಂದಿರಬೇಕು ಎಂದು ಜನರೇ ಲೆಕ್ಕ ಹೊಂದಿಸಿದರು. ಬಟ್ಟೆ ಸುತ್ತಿದ ಹೆಣವನ್ನು ದಿಣ್ಣೆಯ ಮೇಲೆ ಗುಂಡಿಗೆ ಇಳಿಸಿದಾಗ ಗುಮಾಸ್ತನ ತಾಯಿಯೂ ಬಂದಳು. ಒಂದು ಹಿಡಿ ಮಣ್ಣು ಹಾಕಿ ಗಂಜಿಯಣ್ಣನ ಹೆಂಡತಿಯ ಬೆನ್ನು ಸವರಿದಳು. "ಅತ್ತುಬಿಡು ಮಗಳೇ. ಯಾಕಿಷ್ಟು ಗಟ್ಟಿ ಆದೆ? ಕೊನೆಗೂ ಸಿಕ್ಕಿದ್ನಲ್ಲ ನಿನ್ನ ಮಗ." ಇವಳಿಗೆ ಅಳು ಬರಲಿಲ್ಲ. ಮುದುಕಿಯ ಕೈಗೆ ಅಂಟಿದ ಮಣ್ಣನ್ನು ತನ್ನ ಸೆರಗಿನಿಂದ ಒರೆಸಿದಳು.

ಈಗ ಊರು ಮೆಲ್ಲಗೆ ಎದ್ದು ನಿಂತಿದೆ. ಹೊಸ ಬಾಗಿಲು, ಹೊಸ ಸುಣ್ಣ, ಬೇಕರಿಯಲ್ಲಿ ಮತ್ತೆ ಒಲೆ. ಗಂಜಿಯಣ್ಣನ ಹೆಂಡತಿ ಮಾತ್ರ ಹೊತ್ತು ಹುಟ್ಟಿದರೆ ದಿಣ್ಣೆಗೆ ಹೋಗಿ ಗುಮಾಸ್ತನ ಗುಂಡಿಯ ಹುಲ್ಲು ಕೀಳುತ್ತಾಳೆ, ನೀರು ಹಾಕುತ್ತಾಳೆ. ಪಕ್ಕದ ಸಾಲಿನಲ್ಲಿ ಸ್ವಂತ ಮಗನ ಗುಂಡಿಯ ಮೇಲೆ ಮೊಣಕಾಲುದ್ದ ಕಳೆ. ಎಂಥ ತಾಯಿ ಇವಳು ಎಂದು ಊರಿನವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳುವುದು ಎಂದರೆ ಜನಕ್ಕೆ ಎಲ್ಲಿಂದಲೋ ಶಕ್ತಿ ಬಂದುಬಿಡುತ್ತದೆ. ಅವಳು ಗಂಡನ ಜೊತೆ ಮಾತು ಬಿಟ್ಟಿದ್ದಾಳೆ.

ಅಂಗಡಿ ತೆರೆದ ದಿನ ಗುಮಾಸ್ತನ ತಾಯಿ ಒಂದು ಗಂಟು ಹೊತ್ತುಕೊಂಡು ಬಂದಳು.

"ಅಟ್ಟದ ಮೇಲಿದ್ದವು ಕಣಪ್ಪ, ನೀರು ತಾಗಿಲ್ಲ. ನನ್ನ ಮಗನ ಶರ್ಟುಗಳು. ಯಾರಿಗಾದ್ರೂ ಕೊಡು. ನಿನ್ನ ಮಗ ಇದ್ದಿದ್ರೆ ಅವನಿಗೇ ಕೊಡ್ತಿದ್ದೆ, ಇಬ್ಬರದೂ ಒಂದೇ ಮೈಕಟ್ಟು." ಗಂಟಿನ ಮೇಲೆ ಕೈಯಾಡಿಸಿ ಮತ್ತೆ ಹೇಳಿದಳು: "ನನ್ನ ಮಗನೂ ಅಂತಿದ್ದ. ಆ ನೀಲಿ ಗೀಟಿನ ಶರ್ಟು ನನಗೆ ಯಾಕೋ ಒಪ್ಪಲ್ಲಮ್ಮ, ಒಗೆದು ಬಂದ್ಮೇಲೆ ಗಂಜಿಯಣ್ಣನ ಮಗನಿಗೆ ಕೊಟ್ಬಿಡೋಣ, ಕೆಲಸ ಹುಡುಕ್ತಿದ್ದಾನೆ ಪಾಪ, ಅಂತ. ಕೊಡೋಕೆ ಮುಂಚೆ ತಾನೇ ಹಾಕ್ಕೊಂಡು ಹೋಗ್ಬಿಟ್ಟ."

ಗಂಜಿಯಣ್ಣ ಜೀವಮಾನದಲ್ಲಿ ಮೊದಲ ಸಲ ಗಿರಾಕಿಯ ಮುಖ ನೋಡಿದ. ಮುದುಕಿ ಹೋದ ಮೇಲೆ ಗಂಟು ಬಿಚ್ಚಿ, ಒಂದೊಂದೇ ಶರ್ಟಿನ ಕಾಲರು ತಿರುಗಿಸಿ, ಕೆಂಪು ನೂಲು ಕೀಳುತ್ತ ಕೂತ.